ಅರಿವನ್ನು ಉಳಿಸುವ ಅರಿವಳಿಕೆ

ತುಂಗಭದ್ರೆಯ ದಂಡೆಯ ಮೇಲಿರುವ ಚೀಕಲಪರ್ವಿಯು ದಾಸಶ್ರೇಷ್ಠರಾದ ವಿಜಯದಾಸರ ಜನ್ಮಸ್ಥಳವೆಂದು ನಾಡಿಗೆಲ್ಲ ಪರಿಚಿತವಾದ ಊರು. ಶರಣರ ಕಾಯಕನಿಷ್ಠೆಯೂ ದಾಸರ ಭಕ್ತಿಯೂ ಒಂದೇ ನೀರು ಕುಡಿದು ಬೆಳೆದ ಸೀಮೆಯಿದು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡು ಭತ್ತ ಬೆಳೆಯುವ ಮಾನ್ವಿ ತಾಲೂಕಿನಲ್ಲಾಗಲಿ, ಕೃಷ್ಣೆಯ ಕಡೆಗಿರುವ ದೇವದುರ್ಗ ತಾಲೂಕಿನಲ್ಲಾಗಲಿ, ಎಪ್ಪತ್ತು ದಾಟಿದ ಹಿರಿಯರೂ ಹೊಲದ ಕೆಲಸವನ್ನು ಬಿಟ್ಟವರಲ್ಲ. ಇಂಥ ಹಿರಿಯರೊಬ್ಬರು ಒಂದು ದಿನ ಬದುವಿನ ಮೇಲೆ ಕಣ್ಣು ಕತ್ತಲೆಗಟ್ಟಿ ಕುಸಿದರೆ, ಮನೆಯವರು ಮುಖಕ್ಕೆ ನೀರು ಚಿಮುಕಿಸಿ, “ಬಿಸಲಿಗೆ ತಲಿ ತಿರಗ್ಯಾದ” ಎಂದು ಸಮಾಧಾನ ಮಾಡಿಕೊಳ್ಳುತ್ತಾರೆ. ಎರಡನೆಯ ಸಲ, ಮೂರನೆಯ ಸಲ ಹೀಗಾದಾಗ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ನಾಡಿ ನಿಮಿಷಕ್ಕೆ ಮೂವತ್ತೈದು ಸಲ ಮಾತ್ರ ಮಿಡಿಯುತ್ತಿರುವುದನ್ನು ಕಂಡ ವೈದ್ಯರು ಪೇಸ್‌ಮೇಕರ್ ಕೂಡಿಸಬೇಕೆಂದು ಹೇಳುತ್ತಾರೆ. ಆಗ ಅನೇಕ ಹಿರಿಯರ ಬಾಯಿಂದ ಬರುವ ಮಾತು ಒಂದೇ: “ಎದಿ ಕೊಯ್ಸಿಕೊಳ್ಳಾದು ಬ್ಯಾಡ, ಇದ್ದಷ್ಟು ದಿನ ಇರ್ತೀನಿ.”

ಈ ನಿರಾಕರಣೆಯ ಹಿಂದೆ ಎರಡು ಭಯಗಳಿವೆ. ಎದೆಯನ್ನು ಸೀಳಿ ಹೃದಯವನ್ನು ತೆರೆಯುತ್ತಾರೆ ಎಂಬುದು ಮೊದಲನೆಯದು. ನಿದ್ದೆ ಬರಿಸಿದ ಮೇಲೆ ಮರಳಿ ಎಚ್ಚರವಾಗುವುದೋ ಇಲ್ಲವೋ ಎಂಬುದು ಎರಡನೆಯದು. ಬಹುಪಾಲು ರೋಗಿಗಳ ವಿಷಯದಲ್ಲಿ ಈ ಎರಡೂ ಭಯಗಳಿಗೆ ಆಧಾರವಿಲ್ಲ. ಪೇಸ್‌ಮೇಕರ್ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎದೆಗೂಡನ್ನು ತೆರೆಯುವುದಿಲ್ಲ, ರೋಗಿಯನ್ನು ಪೂರ್ಣ ನಿದ್ದೆಗೂ ಒಳಪಡಿಸುವುದಿಲ್ಲ. ಅಂಗೈಯಗಲದ ಚರ್ಮವನ್ನೂ ಅದರ ಕೆಳಗಿನ ಪದರವನ್ನೂ ಸೂಜಿಮದ್ದಿನಿಂದ ಮರಗಟ್ಟಿಸಿದರೆ ಸಾಕು. ಅರಿವಳಿಕೆ ಎಂಬ ಕನ್ನಡ ಪದದ ಅರ್ಥ ಅರಿವು ಅಳಿಯುವುದು ಎಂದಾದರೂ, ಇಲ್ಲಿ ಅಳಿಯುವುದು ನೋವು ಮಾತ್ರ, ಅರಿವು ಉಳಿದಿರುತ್ತದೆ. ಹಾಗೆ ಉಳಿದ ಅರಿವೇ ರೋಗಿಗೆ ರಕ್ಷಣೆಯಾಗುವ ಬಗೆಯನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹೃದಯದ ಲಯ

ಹೃದಯದ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ ಒಂದು ಸಣ್ಣ ಕೋಶಸಮೂಹವಿದೆ. ಅಲ್ಲಿ ಹುಟ್ಟುವ ಸೂಕ್ಷ್ಮ ವಿದ್ಯುತ್ ಪ್ರೇರಣೆಯು ಹೃತ್ಕರ್ಣಗಳನ್ನು ದಾಟಿ, ನಡುವಿನ ಒಂದು ಗಂಟಿನ ಮೂಲಕ ಹೃತ್ಕುಕ್ಷಿಗಳಿಗೆ ಹರಿಯುತ್ತದೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಇದು ನಿಮಿಷಕ್ಕೆ 60ರಿಂದ 100 ಸಲ ನಡೆಯುತ್ತದೆ. ಕಾಲುವೆಯ ತೂಬಿನಲ್ಲಿ ಹೂಳು ತುಂಬಿದರೆ ಕೆಳಗಿನ ಗದ್ದೆಗೆ ನೀರು ಹರಿಯದು. ಹಾಗೆಯೇ ವಯಸ್ಸಿನಿಂದಲೋ ರೋಗದಿಂದಲೋ ನಡುವಿನ ದಾರಿ ಕೆಟ್ಟರೆ ಮೇಲಿನ ಪ್ರೇರಣೆ ಕೆಳಗೆ ಮುಟ್ಟದು. ಆಗ ಹೃತ್ಕುಕ್ಷಿಗಳು ತಮ್ಮಷ್ಟಕ್ಕೆ ತಾವೇ ನಿಮಿಷಕ್ಕೆ 30–40 ಸಲ ಮಿಡಿಯತೊಡಗುತ್ತವೆ. ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲೆಗಟ್ಟುತ್ತದೆ, ಮೂರ್ಛೆ ಬರುತ್ತದೆ; ಕೆಲವರ ಪಾಲಿಗೆ ಅದು ಕೊನೆಯ ಮೂರ್ಛೆಯೂ ಆಗಬಹುದು. ಇಂಥ ಹೃದಯಕ್ಕೆ ಹೊರಗಿನಿಂದ ಲಯವನ್ನು ಒದಗಿಸುವ ಪುಟ್ಟ ಯಂತ್ರವೇ ಪೇಸ್‌ಮೇಕರ್.

ಹೈದರಾಬಾದಿನ ಒಂದು ಪಾಠ

ಹೃದಯರೋಗಿಗೆ ನಿದ್ದೆಯ ಮದ್ದು ಕೊಡಲು ವೈದ್ಯರು ಹಿಂದುಮುಂದು ನೋಡುವುದಕ್ಕೆ ಹಳೆಯ ಇತಿಹಾಸವಿದೆ. ರಾಯಚೂರು ಸೀಮೆಗೂ ಆ ಇತಿಹಾಸಕ್ಕೂ ನಂಟುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಸೀಮೆಯು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆಗ ಶಸ್ತ್ರಚಿಕಿತ್ಸೆಯಲ್ಲಿ ಕ್ಲೋರೋಫಾರ್ಮ್ ಬಳಕೆ ಸಾಮಾನ್ಯವಾಗಿದ್ದು, ಅಲ್ಲಲ್ಲಿ ರೋಗಿಗಳು ಹಠಾತ್ತನೆ ಸಾಯುತ್ತಿದ್ದರು. ಸಾವು ಬರುವುದು ಉಸಿರು ನಿಲ್ಲುವುದರಿಂದಲೋ ಹೃದಯ ನಿಲ್ಲುವುದರಿಂದಲೋ ಎಂಬ ವಾದ ಜಗತ್ತಿನಾದ್ಯಂತ ನಡೆದಿತ್ತು. ಹೈದರಾಬಾದಿನಲ್ಲಿದ್ದ ವೈದ್ಯ ಎಡ್ವರ್ಡ್ ಲಾರಿಯವರು ಉಸಿರಾಟದ ಮೇಲೆ ಕಣ್ಣಿಟ್ಟರೆ ಸಾಕೆಂದು ವಾದಿಸಿದರು. ಇದನ್ನು ಪರೀಕ್ಷಿಸಲು 1888ರಲ್ಲಿ ಮೊದಲನೆಯ ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗವೂ, 1889ರಲ್ಲಿ ನಿಜಾಮರ ಧನಸಹಾಯದಿಂದ ಎರಡನೆಯ ಆಯೋಗವೂ ಕೆಲಸ ಮಾಡಿದವು. ಇಂಗ್ಲೆಂಡಿನಿಂದ ಲಾಡರ್ ಬ್ರಂಟನ್ ಅವರನ್ನು ಇದಕ್ಕಾಗಿಯೇ ಕರೆಸಲಾಯಿತು. ಅಪಾಯವಿರುವುದು ಉಸಿರಾಟಕ್ಕೆ, ಹೃದಯಕ್ಕೆ ನೇರವಾಗಿ ಅಲ್ಲ ಎಂದು ಆಯೋಗವು ತೀರ್ಮಾನಿಸಿತು.

ಆದರೆ ಆ ತೀರ್ಮಾನ ಉಳಿಯಲಿಲ್ಲ. ಕ್ಲೋರೋಫಾರ್ಮ್ ಹೃದಯದ ಲಯವನ್ನೇ ಕೆಡಿಸಿ ಹಠಾತ್ ಮರಣಕ್ಕೆ ಕಾರಣವಾಗಬಲ್ಲುದೆಂದು ಗುಡ್‌ಮನ್ ಲೆವಿಯವರು 1911ರಲ್ಲಿ ತೋರಿಸಿಕೊಟ್ಟರು. ಇಂದಿನ ನಿದ್ದೆಯ ಮದ್ದುಗಳು ಕ್ಲೋರೋಫಾರ್ಮಿಗಿಂತ ಎಷ್ಟೋ ಸುರಕ್ಷಿತವಾದವು. ಆದರೂ ಇಡೀ ಶರೀರವನ್ನು ನಿದ್ದೆಗೊಳಿಸುವ ಮದ್ದು ರಕ್ತದೊತ್ತಡವನ್ನೂ ಹೃದಯದ ಗತಿಯನ್ನೂ ಕುಗ್ಗಿಸಬಲ್ಲುದು. ಮೊದಲೇ ನಿಧಾನವಾಗಿ ಮಿಡಿಯುವ ಹೃದಯಕ್ಕೆ ಈ ಭಾರವನ್ನು ಹೊರಿಸದಿರುವುದೇ ಲೇಸು.

ಒಂದೇ ನಗರದ ಎರಡು ಶೋಧಗಳು

ನಿದ್ದೆಗೊಳಿಸದೆ ಒಂದು ಭಾಗವನ್ನು ಮಾತ್ರ ಮರಗಟ್ಟಿಸುವ ವಿದ್ಯೆ 1884ರಲ್ಲಿ ಬೆಳಕಿಗೆ ಬಂದಿತು. ವಿಯೆನ್ನಾದ ಕಾರ್ಲ್ ಕೊಲ್ಲರ್ ಅವರು ಕೊಕೇನ್ ದ್ರಾವಣದ ಹನಿಗಳನ್ನು ಕಣ್ಣಿಗೆ ಹಾಕಿ, ರೋಗಿ ಎಚ್ಚರವಿರುವಾಗಲೇ ನೋವಿಲ್ಲದೆ ಕಣ್ಣಿನ ಶಸ್ತ್ರಚಿಕಿತ್ಸೆ ಸಾಧ್ಯವೆಂದು ತೋರಿಸಿದರು. ಕೊಕೇನ್ ಚಟಕ್ಕೂ ವಿಷಬಾಧೆಗೂ ಎಡೆಗೊಡುವ ವಸ್ತು. ಆದುದರಿಂದ ಬದಲಿ ಮದ್ದಿನ ಹುಡುಕಾಟ ನಡೆದು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ನೊವೊಕೇನ್ ಸಿದ್ಧವಾಯಿತು. ಅದಕ್ಕಿಂತ ಉತ್ತಮವಾದ ಲಿಗ್ನೋಕೇನನ್ನು 1943ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ನಿಲ್ಸ್ ಲೊಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ ತಯಾರಿಸಿದರು. ತರುಣ ಲುಂಡ್‌ಕ್ವಿಸ್ಟ್ ಅದನ್ನು ತಮ್ಮ ಮೈಮೇಲೆಯೇ ಪ್ರಯೋಗಿಸಿಕೊಂಡರು. 1948ರಲ್ಲಿ ಅದು ಕ್ಸೈಲೋಕೇನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಹಲ್ಲು ಕೀಳುವ ಮೊದಲು ದಂತವೈದ್ಯರು ಒಸಡಿಗೆ ಮಾಡುವ ಸೂಜಿಯಲ್ಲಿರುವುದು ಸಾಮಾನ್ಯವಾಗಿ ಇದೇ ಮದ್ದು.

ಮೈಯೊಳಗೆ ಕೂಡಿಸುವ ಪೇಸ್‌ಮೇಕರಿನ ಮೊದಲ ಶಸ್ತ್ರಚಿಕಿತ್ಸೆಯೂ ಅದೇ ಸ್ಟಾಕ್‌ಹೋಮ್ ಪ್ರದೇಶದಲ್ಲಿ, 1958ರ ಅಕ್ಟೋಬರ್ 8ರಂದು ನಡೆಯಿತು. ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಅವರು ಬೂಟ್ ಪಾಲಿಶಿನ ಡಬ್ಬಿಯನ್ನೇ ಅಚ್ಚಾಗಿ ಬಳಸಿ ಯಂತ್ರವನ್ನು ಎರಕ ಹೊಯ್ದರು. ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು ಅದನ್ನು ಆರ್ನೆ ಲಾರ್ಸನ್ ಎಂಬ ರೋಗಿಗೆ ಕೂಡಿಸಿದರು. ಆ ಮೊದಲ ಯಂತ್ರ ಕೆಲವೇ ಗಂಟೆ ನಡೆದು ನಿಂತಿತು. ಆದರೂ ಬದಲಿ ಯಂತ್ರಗಳ ನೆರವಿನಿಂದ ಲಾರ್ಸನ್ನರು 2001ರವರೆಗೆ, 86 ವರ್ಷ ವಯಸ್ಸಿನವರೆಗೆ ಬಾಳಿದರು. ಅಂದು ಅವರ ಎದೆಯನ್ನು ತೆರೆದು ತಂತಿಗಳನ್ನು ಹೃದಯದ ಹೊರಮೈಗೆ ಹೊಲಿಯಬೇಕಾಗಿತ್ತು. ಈ ಸೀಮೆಯ ಹಿರಿಯರ ಮನಸ್ಸಿನಲ್ಲಿರುವ ಭಯದ ಚಿತ್ರವು ಆ ಕಾಲದ ಶಸ್ತ್ರಚಿಕಿತ್ಸೆಗೆ ಹೊಂದುವಂಥದು. 1960ರ ದಶಕದಲ್ಲಿ ತಂತಿಯನ್ನು ರಕ್ತನಾಳದ ಮೂಲಕವೇ ಹೃದಯದೊಳಕ್ಕೆ ಇಳಿಸುವ ಕ್ರಮ ನೆಲೆಗೊಂಡಿತು. ಎದೆಗೂಡನ್ನು ತೆರೆಯುವ ಅಗತ್ಯ ತಪ್ಪಿತು. ಚರ್ಮವನ್ನು ಮರಗಟ್ಟಿಸಿದರೆ ಸಾಕೆಂಬ ಸ್ಥಿತಿ ಬಂದಿತು. ಹೀಗೆ ಒಂದೇ ನಗರದಲ್ಲಿ ಬೇರೆ ಬೇರೆಯಾಗಿ ಹುಟ್ಟಿದ ಮದ್ದು ಮತ್ತು ಯಂತ್ರಗಳು ಒಂದೇ ಶಸ್ತ್ರಚಿಕಿತ್ಸೆಯಲ್ಲಿ ಜೊತೆಗೂಡಿದವು.

ಮದ್ದು ಕೆಲಸ ಮಾಡುವ ಬಗೆ

ಚರ್ಮಕ್ಕೆ ಗಾಯವಾದಾಗ ಆ ಸುದ್ದಿ ನರತಂತುಗಳ ಮೂಲಕ ಮಿದುಳಿಗೆ ಹೋಗುತ್ತದೆ. ನರತಂತುವಿನ ಪೊರೆಯಲ್ಲಿ ಸೂಕ್ಷ್ಮವಾದ ಬಾಗಿಲುಗಳಿದ್ದು, ಅವುಗಳ ಮೂಲಕ ಸೋಡಿಯಂ ಅಯಾನುಗಳು ಒಳನುಗ್ಗಿದಾಗ ಮಾತ್ರ ಸುದ್ದಿ ಮುಂದೆ ಸಾಗುತ್ತದೆ. ಲಿಗ್ನೋಕೇನ್ ಪೊರೆಯನ್ನು ದಾಟಿ ಒಳಸೇರಿ, ಈ ಬಾಗಿಲುಗಳನ್ನು ಒಳಗಿನಿಂದ ಮುಚ್ಚುತ್ತದೆ. ಗಾಯವೇನೋ ಆಗುತ್ತದೆ, ಆದರೆ ಅದರ ಸುದ್ದಿ ಮಿದುಳಿಗೆ ಮುಟ್ಟುವುದಿಲ್ಲ. ಮದ್ದು ಕ್ರಮೇಣ ರಕ್ತಕ್ಕೆ ಸೇರಿ ಯಕೃತ್ತಿನಲ್ಲಿ ಕರಗಿದಂತೆ ಬಾಗಿಲುಗಳು ಮತ್ತೆ ತೆರೆಯುತ್ತವೆ. ಕೆಲವೇ ನಿಮಿಷಗಳಲ್ಲಿ ಮರಗಟ್ಟುವ ಚರ್ಮ ಸುಮಾರು ಒಂದೆರಡು ಗಂಟೆಗಳಲ್ಲಿ ಮೊದಲಿನಂತಾಗುತ್ತದೆ. ಹೆಚ್ಚು ಹೊತ್ತು ಬೇಕಾದಲ್ಲಿ ವೈದ್ಯರು ಬುಪಿವಕೇನ್ ಎಂಬ ದೀರ್ಘಾವಧಿಯ ಮದ್ದನ್ನೂ ಬಳಸುವುದುಂಟು.

ಇಲ್ಲಿ ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ನೋವಿನ ಸುದ್ದಿಯನ್ನು ಒಯ್ಯುವ ತಂತುಗಳು ಸಣ್ಣವು. ಸ್ಪರ್ಶ ಮತ್ತು ಒತ್ತಡದ ಸುದ್ದಿಯನ್ನು ಒಯ್ಯುವ ತಂತುಗಳು ದಪ್ಪನಾದವು. ಸಣ್ಣ ತಂತುಗಳು ಸಾಮಾನ್ಯವಾಗಿ ಮೊದಲು ಸೋಲುತ್ತವೆ. ಅಲ್ಲದೆ ಒತ್ತಿದ ಬಲವು ಮರಗಟ್ಟದ ಪಕ್ಕದ ಭಾಗಗಳಿಗೂ ಹರಡುತ್ತದೆ. ಆದುದರಿಂದ ರೋಗಿಗೆ ಕೊಯ್ಯುವ ನೋವು ತಿಳಿಯದಿದ್ದರೂ ಮುಟ್ಟುವುದು, ಒತ್ತುವುದು, ಎಳೆಯುವುದು ತಿಳಿಯುತ್ತಿರುತ್ತದೆ. ಇದನ್ನು ಮೊದಲೇ ತಿಳಿಸದಿದ್ದರೆ, ಒತ್ತಿದ ಅನುಭವವಾದೊಡನೆ “ಸೂಜಿ ಹತ್ತಿಲ್ಲ” ಎಂದು ರೋಗಿ ಗಾಬರಿಯಾಗುತ್ತಾರೆ. ತಿಳಿಸಿದ್ದರೆ ಒತ್ತಡವನ್ನು ಒತ್ತಡವೆಂದೂ ನೋವನ್ನು ನೋವೆಂದೂ ಬೇರ್ಪಡಿಸಿ ಹೇಳಬಲ್ಲರು.

ಶಸ್ತ್ರಚಿಕಿತ್ಸೆಯ ಕ್ರಮ

ರೋಗಿಯನ್ನು ಅಂಗಾತ ಮಲಗಿಸಿ, ಹೃದಯದ ಗತಿಯನ್ನು ತೋರಿಸುವ ಯಂತ್ರಕ್ಕೆ ಜೋಡಿಸುತ್ತಾರೆ. ಸಾಮಾನ್ಯವಾಗಿ ಎಡಗಡೆಯ ಕೊರಳೆಲುಬಿನ ಕೆಳಭಾಗವನ್ನು ಕ್ರಿಮಿನಾಶಕ ದ್ರಾವಣದಿಂದ ಒರೆಸಿ, ಸುತ್ತಲೂ ಶುದ್ಧವಾದ ಬಟ್ಟೆಗಳನ್ನು ಹೊದಿಸುತ್ತಾರೆ. ಆತಂಕ ಹೆಚ್ಚಿದ್ದವರಿಗೆ ಕೈಯ ರಕ್ತನಾಳದ ಮೂಲಕ ತುಸು ಮಂಪರು ಬರಿಸುವ ಮದ್ದನ್ನು ಕೊಡಬಹುದು.

ಅನಂತರ ತೆಳುವಾದ ಸೂಜಿಯಿಂದ ಮೊದಲು ಚರ್ಮದ ಪದರಕ್ಕೆ ಮದ್ದನ್ನು ಸೇರಿಸುತ್ತಾರೆ. ಅಲ್ಲಿ ಸಣ್ಣ ಗುಳ್ಳೆಯಂತೆ ಉಬ್ಬು ಏಳುತ್ತದೆ. ಕೆಲವು ಕ್ಷಣ ಉರಿಯುತ್ತದೆ. ಇಡೀ ಶಸ್ತ್ರಚಿಕಿತ್ಸೆಯಲ್ಲಿ ಬಹಳ ಮಂದಿಗೆ ನೆನಪುಳಿಯುವ ನೋವು ಇದೇ. ಈ ಉರಿಗೆ ಕಾರಣವುಂಟು. ಮದ್ದು ಕೆಡದಿರಲೆಂದು ಬಾಟಲಿಯಲ್ಲಿ ಅದನ್ನು ತುಸು ಆಮ್ಲೀಯವಾಗಿ ಇಟ್ಟಿರುತ್ತಾರೆ. ಸೋಡಿಯಂ ಬೈಕಾರ್ಬೋನೇಟನ್ನು ತಕ್ಕ ಪ್ರಮಾಣದಲ್ಲಿ ಬೆರೆಸುವುದರಿಂದಲೂ, ಮದ್ದನ್ನು ನಿಧಾನವಾಗಿ ಸೇರಿಸುವುದರಿಂದಲೂ ಉರಿ ಕಡಿಮೆಯಾಗುತ್ತದೆ. ಚರ್ಮ ಮರಗಟ್ಟಿದ ಮೇಲೆ ಅದೇ ದಾರಿಯಲ್ಲಿ ಕೆಳಗಿನ ಕೊಬ್ಬಿನ ಪದರಕ್ಕೂ ಎದೆಯ ಸ್ನಾಯುವಿನ ಮೇಲ್ಪೊರೆಗೂ ಮದ್ದನ್ನು ಹರಡುತ್ತಾರೆ. ಪ್ರತಿ ಸಲವೂ ಸಿರಿಂಜಿನ ದಟ್ಟೆಯನ್ನು ಹಿಂದಕ್ಕೆಳೆದು, ಸೂಜಿಯ ತುದಿ ರಕ್ತನಾಳದೊಳಗಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಕೆಲವು ನಿಮಿಷ ಕಾದು, ಚಿಮುಟಿಯಿಂದ ಹಿಂಡಿ ನೋಡಿ, ನೋವಿಲ್ಲವೆಂದು ರೋಗಿ ಹೇಳಿದ ಮೇಲೆಯೇ ಕತ್ತಿ ಆಡಿಸಬೇಕು.

ಕೊಯ್ತದ ಉದ್ದ ಸುಮಾರು ನಾಲ್ಕೈದು ಸೆಂಟಿಮೀಟರ್. ಚರ್ಮದ ಕೆಳಗೆ ಯಂತ್ರವನ್ನಿಡಲು ಸಣ್ಣ ಚೀಲದಂಥ ಜಾಗ ಮಾಡುತ್ತಾರೆ. ಒತ್ತಡ ಹೆಚ್ಚಾಗಿ ತಿಳಿಯುವುದು ಆಗ. ಬಳಿಕ ಅಲ್ಲಿಯೇ ಹಾಯುವ ಅಭಿಧಮನಿಯೊಳಗೆ ತಂತಿಯನ್ನು ತೂರಿಸಿ, ಎಕ್ಸ್-ರೇ ಪರದೆಯಲ್ಲಿ ನೋಡುತ್ತ ಹೃದಯದವರೆಗೆ ಒಯ್ಯುತ್ತಾರೆ. ತಂತಿ ಹೃದಯವನ್ನು ಹೊಗುವಾಗ ನೋವಾಗುವುದಿಲ್ಲ. ನಡುವೆ ಒಂದೆರಡು ಮಿಡಿತ ತಪ್ಪಿದಂತೆ ಅನಿಸಬಹುದು. ಯಂತ್ರವನ್ನು ಪರೀಕ್ಷಿಸುವಾಗ ಒಮ್ಮೊಮ್ಮೆ ಬಿಕ್ಕಳಿಕೆಯಂತೆ ಹೊಟ್ಟೆಯ ಮೇಲ್ಭಾಗ ಅದುರಬಹುದು. ಅದನ್ನೂ ರೋಗಿ ಹೇಳಿದರೆ ವೈದ್ಯರು ತಂತಿಯ ಜಾಗವನ್ನು ಸರಿಪಡಿಸಬಲ್ಲರು. ಕೊನೆಗೆ ಯಂತ್ರವನ್ನು ಜೋಡಿಸಿ, ಚರ್ಮವನ್ನು ಹೊಲಿಯುತ್ತಾರೆ. ಸಾಮಾನ್ಯವಾಗಿ ಒಂದು ಗಂಟೆಯ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಮಕ್ಕಳಿಗೆ, ಅಲುಗಾಡದೆ ಮಲಗಲಾರದವರಿಗೆ, ಇನ್ನು ಕೆಲವು ವಿಶೇಷ ಸಂದರ್ಭಗಳಲ್ಲಿ ಮಾತ್ರ ಪೂರ್ಣ ಅರಿವಳಿಕೆ ಬೇಕಾಗುತ್ತದೆ.

ಅಳತೆಯ ಲೆಕ್ಕ

ಬಾಗಿಲು ಮುಚ್ಚುವ ಗುಣವುಳ್ಳ ಮದ್ದು ಚರ್ಮದ ನರಕ್ಕೂ ಹೃದಯಕ್ಕೂ ಭೇದವೆಣಿಸದು. ಲಿಗ್ನೋಕೇನನ್ನು ಹೃದಯದ ಕೆಲವು ಬಗೆಯ ಅತಿವೇಗದ ಲಯದೋಷಗಳನ್ನು ಅಡಗಿಸಲು ರಕ್ತನಾಳದ ಮೂಲಕವೂ ಕೊಡುವುದುಂಟು. ಪೇಸ್‌ಮೇಕರಿಗಾಗಿ ಬಂದ ರೋಗಿಯ ಹೃತ್ಕುಕ್ಷಿಗಳು ತಮ್ಮಷ್ಟಕ್ಕೆ ತಾವೇ ಮಿಡಿಯುತ್ತ ಜೀವವನ್ನು ಹಿಡಿದಿರುತ್ತವೆ. ಮದ್ದು ಅತಿಯಾಗಿ ರಕ್ತಕ್ಕೆ ಸೇರಿದರೆ ಆ ಆಸರೆಯ ಮಿಡಿತವೂ ಅಡಗಬಹುದು. ಜೊತೆಗೆ ನಿಧಾನವಾದ ಹೃದಯದಿಂದ ಯಕೃತ್ತಿಗೆ ಹರಿಯುವ ರಕ್ತ ಕಡಿಮೆಯಾಗಿ, ಮದ್ದು ಕರಗುವುದೂ ತಡವಾಗುತ್ತದೆ. ಆದುದರಿಂದಲೇ ಇಲ್ಲಿ ಅಳತೆ ಬಲು ಮುಖ್ಯ.

ಸಾಮಾನ್ಯವಾಗಿ ಹೇಳುವ ಒಂದು ಮಿತಿಯ ಪ್ರಕಾರ, ಬರಿಯ ಲಿಗ್ನೋಕೇನ್ ದೇಹತೂಕದ ಪ್ರತಿ ಕಿಲೋಗೆ 4.5 ಮಿಲಿಗ್ರಾಂ ಮೀರಬಾರದು. ಐವತ್ತು ಕಿಲೋ ತೂಕದವರಿಗೆ ಇದು 225 ಮಿಲಿಗ್ರಾಂ ಆಗುತ್ತದೆ. ಶೇಕಡಾ 1ರ ದ್ರಾವಣದ ಪ್ರತಿ ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಮದ್ದು ಇರುವುದರಿಂದ 22.5 ಮಿಲಿಲೀಟರ್ ವರೆಗೆ ಬಳಸಬಹುದು; ಶೇಕಡಾ 2ರ ದ್ರಾವಣವಾದರೆ ಅದರ ಅರ್ಧ, ಅಂದರೆ 11.25 ಮಿಲಿಲೀಟರ್ ಮಾತ್ರ. ವಯಸ್ಸಾದವರಿಗೂ, ಹೃದಯ ಅಥವಾ ಯಕೃತ್ತು ದುರ್ಬಲವಾದವರಿಗೂ ವೈದ್ಯರು ಇನ್ನೂ ಕಡಿಮೆ ಮಿತಿಯನ್ನು ಇಟ್ಟುಕೊಳ್ಳುತ್ತಾರೆ. ಶಾಲೆಯ ಹಲಗೆಯ ಮೇಲೆ ಬಿಡಿಸುವ ಶೇಕಡಾವಾರಿನ ಲೆಕ್ಕವೇ ಇಲ್ಲಿ ಜೀವ ಕಾಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಮನಗಾಣಬೇಕು.

ಮಿತಿ ಮೀರಿದಾಗ ಶರೀರವು ಬಹುಮಟ್ಟಿಗೆ ಮುನ್ಸೂಚನೆ ಕೊಡುತ್ತದೆ. ಬಾಯಿಯ ಸುತ್ತ ಜುಮುಜುಮು ಎನ್ನುವುದು, ನಾಲಗೆಗೆ ಲೋಹದ ರುಚಿ ತೋರುವುದು, ಕಿವಿಯಲ್ಲಿ ಗುಂಯ್‌ಗುಡುವುದು, ಮಾತು ತೊದಲುವುದು ಇವೇ ಆ ಸೂಚನೆಗಳು. ನಿರ್ಲಕ್ಷಿಸಿದರೆ ಮುಂದೆ ಸೆಳವು ಬರಬಹುದು, ಹೃದಯವೂ ನಿಲ್ಲಬಹುದು. ಮೊದಲ ಸೂಚನೆಗಳನ್ನು ಯಾವ ಯಂತ್ರವೂ ಹೇಳಲಾರದು. ಎಚ್ಚರವಿರುವ ರೋಗಿ ಮಾತ್ರ ಹೇಳಬಲ್ಲರು. ರೋಗಿಯ ಅರಿವು ಉಳಿದಿರುವುದರ ಹಿರಿಯ ಪ್ರಯೋಜನವೇ ಇದು. ದೊಡ್ಡ ಡಾಕ್ಟರರ ಎದುರು ಮಾತಾಡಬಾರದೆಂದು ಹಲ್ಲು ಕಚ್ಚಿ ಸುಮ್ಮನಿರುವುದು ಈ ಸೀಮೆಯ ಹಿರಿಯರ ಸ್ವಭಾವ. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಆ ಸಂಕೋಚ ಸಲ್ಲದು. ನೋವಾದರೆ “ನೋವಾಗ್ತದ” ಎನ್ನಬೇಕು. ಮಿತಿಯೊಳಗೆ ಮದ್ದನ್ನು ಹೆಚ್ಚಿಸಲು ಅವಕಾಶವಿರುತ್ತದೆ.

ಇಷ್ಟಲಿಂಗಧಾರಿಗಳ ಗಮನಕ್ಕೆ

ಮರಗಟ್ಟಿಸುವ ಜಾಗದ ಮೇಲೆಯೇ ಶಿವದಾರವು ಹಾಯುವುದರಿಂದ ಲಿಂಗಧಾರಿಗಳ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ. ಇಷ್ಟಲಿಂಗವನ್ನು ಮೈಯಿಂದ ಅಗಲಿಸಬಾರದೆಂಬುದು ನಿಷ್ಠೆ. ಕೊಯ್ತದ ಜಾಗದಲ್ಲಿ ದಾರವಾಗಲಿ ವಸ್ತ್ರವಾಗಲಿ ಇದ್ದರೆ ಸೋಂಕು ತಗಲುವ ಭಯ. ಅಲ್ಲದೆ ರಕ್ತಸ್ರಾವ ನಿಲ್ಲಿಸಲು ವಿದ್ಯುತ್ ಉಪಕರಣವನ್ನು ಬಳಸುವುದರಿಂದ, ಬೆಳ್ಳಿಯ ಕರಡಿಗೆ ಮೈಗೆ ತಗುಲಿದ್ದರೆ ಸುಡುವ ಅಪಾಯವೂ ಉಂಟು. ಈ ವಿಷಯವನ್ನು ಹಿಂದಿನ ದಿನವೇ ವೈದ್ಯರ ಬಳಿ ಮುಕ್ತವಾಗಿ ಹೇಳಿಕೊಳ್ಳುವುದು ಒಳ್ಳೆಯದು. ಕರಡಿಗೆಯನ್ನು ಬಿಟ್ಟು, ಲಿಂಗವನ್ನು ಮಡಿಯಾದ ವಸ್ತ್ರದಲ್ಲಿ ಸುತ್ತಿ ಕೊಯ್ತದ ಜಾಗದಿಂದ ದೂರ ಕಟ್ಟಿಕೊಳ್ಳಲು ಸಾಧ್ಯವೇ ಎಂದು ಕೇಳಬಹುದು. ಸಾಧ್ಯವಿಲ್ಲವೆಂದರೆ ಅಷ್ಟು ಹೊತ್ತು ಮನೆಯವರ ಕೈಗೆ ಒಪ್ಪಿಸಬಹುದು. ಅರಿವು ಉಳಿದಿರುವುದರಿಂದ ಮನಸ್ಸಿನಲ್ಲಿ ಷಡಕ್ಷರಿಯ ಜಪಕ್ಕಂತೂ ಯಾವ ಅಡ್ಡಿಯೂ ಇಲ್ಲ. ಗಾಯ ಮಾಯುವವರೆಗೆ ಕರಡಿಗೆ ಅದರ ಮೇಲೆ ಉಜ್ಜದಂತೆ ದಾರದ ಉದ್ದವನ್ನು ಬದಲಿಸಿಕೊಳ್ಳಬೇಕು.

ಶಸ್ತ್ರಚಿಕಿತ್ಸೆಗೆ ಮುನ್ನ ಇನ್ನೂ ಕೆಲವು ಸಂಗತಿಗಳನ್ನು ಮುಚ್ಚಿಡದೆ ಹೇಳಬೇಕು. ಹಿಂದೆ ಹಲ್ಲಿನ ಸೂಜಿಯಿಂದ ತೊಂದರೆಯಾಗಿದ್ದರೆ, ರಕ್ತ ತೆಳುವಾಗಿಸುವ ಗುಳಿಗೆಗಳನ್ನು ಸೇವಿಸುತ್ತಿದ್ದರೆ, ಸಕ್ಕರೆ ಕಾಯಿಲೆಯಿದ್ದರೆ, ಎದೆಯ ಚರ್ಮದಲ್ಲಿ ಕುರು ಅಥವಾ ಕೀವು ಇದ್ದರೆ ತಿಳಿಸುವುದು ಅವಶ್ಯ. ಕೀವಿರುವ ಜಾಗ ಆಮ್ಲೀಯವಾಗುವುದರಿಂದ ಅಲ್ಲಿ ಮದ್ದು ಸರಿಯಾಗಿ ಹತ್ತುವುದಿಲ್ಲ. ಸೋಂಕು ಯಂತ್ರಕ್ಕೂ ಹರಡುತ್ತದೆ.

ಅಧ್ಯಾಪಕರಿಗೆ ಒಂದು ಪ್ರಯೋಗ

ತರಗತಿಯಲ್ಲಿ ಈ ಪಾಠವನ್ನು ಸರಳವಾಗಿ ತೋರಿಸಬಹುದು. ಐಸ್ ತುಂಡೊಂದನ್ನು ತೆಳುವಾದ ಬಟ್ಟೆಯಲ್ಲಿ ಸುತ್ತಿ ವಿದ್ಯಾರ್ಥಿಯ ಮುಂಗೈ ಮೇಲೆ ಒಂದು ನಿಮಿಷ ಮಾತ್ರ ಇಡಬೇಕು. ಬಳಿಕ ಕಣ್ಣು ಮುಚ್ಚಿಸಿ, ಮೊಂಡಾದ ಪೆನ್ಸಿಲಿನ ತುದಿಯಿಂದ ಆ ಜಾಗವನ್ನೂ ಪಕ್ಕದ ಜಾಗವನ್ನೂ ಮೆಲ್ಲಗೆ ಒತ್ತಿ, ಎರಡರ ವ್ಯತ್ಯಾಸವನ್ನು ಕೇಳಬೇಕು. ತಣಿದ ಜಾಗದಲ್ಲಿ ಚುಚ್ಚುವಿಕೆ ಮಂದವಾಗಿರುತ್ತದೆ, ಒತ್ತಿದ್ದು ಮಾತ್ರ ತಿಳಿಯುತ್ತದೆ. ತಂಪಿನ ಕೆಲಸ ಬೇರೆ, ಲಿಗ್ನೋಕೇನಿನ ಕೆಲಸ ಬೇರೆ. ಆದರೂ ನೋವು ಮತ್ತು ಸ್ಪರ್ಶ ಎರಡೂ ಒಂದೇ ಅಲ್ಲವೆಂಬ ಅರಿವು ಮಗುವಿಗೆ ಬರುತ್ತದೆ. ಆ ಮಗು ಮನೆಗೆ ಹೋಗಿ ಅಜ್ಜನಿಗೆ ಹೇಳುವ ಮಾತು ಎಷ್ಟೋ ಉಪನ್ಯಾಸಗಳಿಗಿಂತ ಮಿಗಿಲಾದುದು.

ಉಪಸಂಹಾರ

ಹಿಂದೆ ಈ ಭಾಗದ ಹೃದಯರೋಗಿಗಳು ಹೈದರಾಬಾದಿಗೋ ಬೆಂಗಳೂರಿಗೋ ಪಯಣಿಸಬೇಕಾಗಿತ್ತು. ಇಂದು ಕಲಬುರಗಿಯಲ್ಲಿಯೇ ಶ್ರೀ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆಯಿದ್ದು, 2024ರ ಡಿಸೆಂಬರ್‌ನಲ್ಲಿ ಅದರ 371 ಹಾಸಿಗೆಗಳ ಹೊಸ ಆಸ್ಪತ್ರೆ ಉದ್ಘಾಟನೆಗೊಂಡಿತು. ಈ ಸಂಸ್ಥೆ ಹೊತ್ತಿರುವ ಹೆಸರು ಚಿತ್ರದುರ್ಗದ ಮುರುಘರಾಜೇಂದ್ರ ಬೃಹನ್ಮಠದ ಶ್ರೀ ಜಯದೇವ ಜಗದ್ಗುರುಗಳದು. ವಿದ್ಯಾರ್ಥಿನಿಲಯಗಳ ಮೂಲಕ ಬಡಮಕ್ಕಳಿಗೆ ಅನ್ನ ಮತ್ತು ವಿದ್ಯೆಯನ್ನು ನೀಡಿದ ಸ್ವಾಮಿಗಳ ಹೆಸರು ಹೃದಯದ ಆಸ್ಪತ್ರೆಗೂ ಸಂದಿರುವುದು ಮಠಗಳ ದಾಸೋಹ ಪರಂಪರೆಗೆ ಭೂಷಣ.

ಆಸ್ಪತ್ರೆ ಹತ್ತಿರ ಬಂದರೂ ಭಯ ದೂರವಾಗದಿದ್ದರೆ ಪ್ರಯೋಜನವಿಲ್ಲ. ಶರಣರು ಅರಿವಿಗೆ ಕೊಟ್ಟಷ್ಟು ಬೆಲೆಯನ್ನು ಬೇರೆ ಯಾವುದಕ್ಕೂ ಕೊಟ್ಟವರಲ್ಲ. ಊರಿನ ಹಿರಿಯರೊಬ್ಬರು ಪದೇ ಪದೇ ಕಣ್ಣು ಕತ್ತಲೆಗಟ್ಟಿ ಬೀಳುತ್ತಿದ್ದರೆ, ಬಿಸಿಲನ್ನು ದೂರದೆ ನಾಡಿ ಹಿಡಿದು ಎಣಿಸಬೇಕು. ಮಿಡಿತ ತೀರ ನಿಧಾನವೆನಿಸಿದರೆ ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಎದೆಯನ್ನು ಸೀಳುವುದಿಲ್ಲ, ಅಂಗೈಯಗಲದ ಚರ್ಮವನ್ನು ಮರಗಟ್ಟಿಸುತ್ತಾರೆ, ಎಚ್ಚರ ತಪ್ಪುವುದಿಲ್ಲ ಎಂಬ ಮೂರು ಮಾತುಗಳನ್ನು ಅವರ ಪಕ್ಕದಲ್ಲಿ ಕುಳಿತು ಸಾವಧಾನವಾಗಿ ತಿಳಿಹೇಳಬೇಕು. ಶಾಲೆಯಲ್ಲಿ ಕಲಿತ ವಿದ್ಯೆ ಹೀಗೆ ಮನೆಯ ಪಡಸಾಲೆಯವರೆಗೆ ನಡೆದುಹೋದರೆ ವಿದ್ಯಾದಾನ ಮಾಡಿದವರ ಶ್ರಮವೂ ಧನದಾನ ಮಾಡಿದವರ ಶ್ರದ್ಧೆಯೂ ಸಾರ್ಥಕವಾಗುತ್ತವೆ.